ಕೊಲೆಯೂ ಇರುವ ಪ್ರೇಮಕಥೆ: ರೀಜೆನ್ಸಿ ಕಾಲದ ರೊಮ್ಯಾನ್ಸ್-ಮಿಸ್ಟರಿ ಕಾದಂಬರಿ ಓದುವ ಬಗೆ

ಮೂರನೇ ಜಾರ್ಜ್ ದೊರೆಗೆ ಬುದ್ಧಿ ಕೆಟ್ಟಿತು. 1811ರ ಫೆಬ್ರುವರಿಯಿಂದ, ಅವನು ತೀರಿಕೊಂಡ 1820ರ ಜನವರಿಯ ತನಕ ಮಗನೇ ಅಪ್ಪನ ಪರವಾಗಿ ಇಂಗ್ಲೆಂಡ್ ಆಳಿದ. ಈ ಒಂಬತ್ತು ವರ್ಷಕ್ಕೆ ರೀಜೆನ್ಸಿ ಎಂದು ಹೆಸರು. ಇಂಗ್ಲಿಷ್ ಹಿಸ್ಟಾರಿಕಲ್ ರೊಮ್ಯಾನ್ಸ್ ಕಪಾಟಿನಲ್ಲಿ ಕೈಯಿಟ್ಟ ಕಡೆ ಸಿಗುವುದು ಈ ಕಾಲವೇ. ಅದರಲ್ಲೊಂದು ಕವಲು ಇದೆ. ಬಾಲ್ ಡ್ಯಾನ್ಸು, ಬೀಸಣಿಗೆ, ಮದುವೆಯ ಮಾತು ಎಲ್ಲ ನಡೆಯುತ್ತಿರುವಾಗಲೇ ಯಜಮಾನರ ಓದುವ ಕೋಣೆಯಲ್ಲಿ ಒಂದು ಹೆಣ ಬೀಳುತ್ತದೆ.

ಇಂಥ ಪುಸ್ತಕ ಹಿಡಿದವರು ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಪ್ರೇಮದ ಪುಟಗಳನ್ನು ಸವಿದು, ಉಯಿಲು, ವಾರಸಿಕೆ, ಟ್ರಸ್ಟು ಎಂದ ಕೂಡಲೇ ಹಾಳೆ ಮಗುಚುತ್ತಾರೆ. ಇಲ್ಲವೇ ಪತ್ತೇದಾರಿ ಓದಿದ ಅಭ್ಯಾಸದಲ್ಲಿ ಹೆಣದ ಸುತ್ತಲೇ ಸುಳಿದಾಡಿ, ನಾಯಕ ನಾಯಕಿ ತೋಟದಲ್ಲಿ ಮಾತಾಡಿದ್ದನ್ನು ಸರಸರ ದಾಟಿಸುತ್ತಾರೆ. ಕೈ ಪಳಗಿದ ಲೇಖಕರ ಪುಸ್ತಕದಲ್ಲಿ ಆ ಇಬ್ಬರನ್ನು ಸೇರದಂತೆ ತಡೆಯುವುದು ಯಾವ ಕಟ್ಟಳೆಯೋ, ಕೊಲೆ ಮಾಡಿಸುವುದೂ ಸಾಮಾನ್ಯವಾಗಿ ಅದೇ: ಆಸ್ತಿ ಯಾರದ್ದು, ಬಿರುದು ಯಾರದ್ದು, ಯಾರ ಮದುವೆ ನಿಲ್ಲುತ್ತದೆ, ಯಾರದ್ದು ಬೀಳುತ್ತದೆ. ಆ ಕಟ್ಟಳೆಗಳನ್ನು ಕೈಯಲ್ಲಿ ಹಿಡಿದುಕೊಂಡು ಓದುವ ಕ್ರಮ ಇಲ್ಲಿದೆ.

ಹಂತ 1: ಕೊಳ್ಳುವ ಮೊದಲು ಸರಣಿಯ ಬಗೆ ನೋಡಿ

ಈ ಪ್ರಕಾರದ ಪುಸ್ತಕಗಳು ಬಹುತೇಕ ಸರಣಿಯಲ್ಲಿ ಬರುತ್ತವೆ. ಒಂದು ಬಗೆಯಲ್ಲಿ ಪ್ರತಿ ಪುಸ್ತಕಕ್ಕೂ ಹೊಸ ಜೋಡಿ, ಹೊಸ ಒಗಟು. ಇದನ್ನು ಎಲ್ಲಿಂದ ಬೇಕಾದರೂ ಹಿಡಿಯಬಹುದು. ಮೂರನೆಯದನ್ನು ಮೊದಲು ಓದಿದರೆ ಮೊದಲ ಎರಡು ಪುಸ್ತಕಗಳಲ್ಲಿ ಯಾರು ಯಾರನ್ನು ಮದುವೆಯಾದರು ಎಂಬುದು ಗೊತ್ತಾಗಿಬಿಡುತ್ತದೆ, ಅಷ್ಟೇ ನಷ್ಟ. ಇನ್ನೊಂದು ಬಗೆಯಲ್ಲಿ ಪತ್ತೆ ಮಾಡುವ ಜೋಡಿ ಒಂದೇ. ಕೊಲೆ ಪುಸ್ತಕಕ್ಕೊಂದು, ಪ್ರೇಮ ಮಾತ್ರ ನಾಲ್ಕೈದು ಪುಸ್ತಕಗಳ ತನಕ ನಿಧಾನವಾಗಿ ಕಾವೇರುತ್ತದೆ. ಇದನ್ನು ಮೊದಲನೆಯದರಿಂದಲೇ ಓದಬೇಕು. ನಡುವಿನಿಂದ ಹಿಡಿದವರು "ಇವರಿಬ್ಬರೂ ಯಾಕೆ ಇಷ್ಟು ಮುಖ ಊದಿಸಿಕೊಂಡಿದ್ದಾರೆ?" ಎಂದು ಕೇಳುತ್ತ ಪುಸ್ತಕ ಮುಚ್ಚುತ್ತಾರೆ.

ಹಿಂಬದಿಯ ರಕ್ಷಾಪುಟ ಓದಿದರೆ ಯಾವ ಬಗೆ ಎಂದು ತಿಳಿಯುತ್ತದೆ. ಕೊನೆಯಲ್ಲಿರುವ ಲೇಖಕರ ಟಿಪ್ಪಣಿಯನ್ನು ಮಾತ್ರ ಮೊದಲೇ ತೆರೆಯಬೇಡಿ. ಯಾವ ಕಾಯಿದೆಯ ಮೇಲೆ ಕಥೆ ನಿಂತಿದೆ ಎಂದು ಅಲ್ಲಿ ಬರೆದಿರುತ್ತಾರೆ, ಕೊಲೆಗಾರ ಅಲ್ಲಿಯೇ ಸಿಕ್ಕಿಬೀಳುತ್ತಾನೆ.

ಹಂತ 2: ಮೂರು ಹಾಳೆ, ಒಂದು ಪೆನ್ಸಿಲ್

ಮುನ್ನೂರು ಮುನ್ನೂರೈವತ್ತು ಪುಟದ ಪುಸ್ತಕಕ್ಕೆ ಮೂರು ಹಾಳೆ ಸಾಕು. ಒಂದರಲ್ಲಿ ಜನ, ಒಂದರಲ್ಲಿ ದಿನ, ಒಂದರಲ್ಲಿ ಉತ್ತರ ಸಿಗದ ಪ್ರಶ್ನೆಗಳು. ದಿನದ ಹಾಳೆಯನ್ನು ಯಾರೂ ಬರೆಯುವುದಿಲ್ಲ, ಕೊನೆಗೆ ಹೆಚ್ಚು ಕೆಲಸಕ್ಕೆ ಬರುವುದು ಅದೇ. ಮೊದಲ ಅಧ್ಯಾಯದಲ್ಲಿ ವರ್ಷ, ತಿಂಗಳು, ಊರು ಸಿಕ್ಕ ಕೂಡಲೇ ಬರೆದಿಡಿ. ವರ್ಷವೇ ಅರ್ಧ ಕಥೆ ಹೇಳುತ್ತದೆ. 1815ರ ಜೂನ್ 18 ವಾಟರ್‌ಲೂ ಯುದ್ಧದ ದಿನ. ಅದಾದ ಮೇಲೆ ಶುರುವಾಗುವ ಕಥೆಯಲ್ಲಿ ಕುಂಟುವ ಕ್ಯಾಪ್ಟನ್ನುಗಳೂ ಸತ್ತನೆಂದು ಸುದ್ದಿಯಾಗಿ ತಿರುಗಿ ಬರುವ ಅಣ್ಣಂದಿರೂ ಇರುತ್ತಾರೆ. 1816 ಬೇಸಿಗೆಯೇ ಬಾರದ ವರ್ಷ. ಹಿಂದಿನ ವರ್ಷ ಇಂಡೊನೇಷ್ಯಾದ ತಂಬೋರ ಜ್ವಾಲಾಮುಖಿ ಸಿಡಿದು ಯುರೋಪಿನ ಬೆಳೆ ಹಾಳಾಗಿತ್ತು. ಆ ವರ್ಷದ ಜುಲೈನಲ್ಲಿ ರಸ್ತೆ ಕೆಸರಾಗಿತ್ತು ಎಂದು ಬರೆದಿದ್ದರೆ ಲೇಖಕರು ಓದಿಕೊಂಡಿದ್ದಾರೆ ಎಂದರ್ಥ.

ಒಂದು ಕೂತಿನಲ್ಲಿ ನಲವತ್ತು ಐವತ್ತು ಪುಟ ಹಿತ. ಗೊತ್ತಿಲ್ಲದ ಪ್ರತಿ ಪದಕ್ಕೂ ನಿಘಂಟು ತೆರೆಯಬೇಡಿ. ಗಾಡಿಗಳಿಗೆ ಇರುವ ಹತ್ತಾರು ಹೆಸರುಗಳಲ್ಲಿ ನೋಡಬೇಕಾದ್ದು ಎರಡೇ: ಅದರಲ್ಲಿ ಎಷ್ಟು ಜನ ಕೂರಬಹುದು, ಮೇಲೆ ಮುಚ್ಚಿಗೆ ಇದೆಯೇ. ಮುಚ್ಚಿಗೆಯಿಲ್ಲದ ಗಾಡಿಯಲ್ಲಿ ಹುಡುಗಿ ಹುಡುಗನ ಜತೆ ಪಾರ್ಕಿನಲ್ಲಿ ಸುತ್ತಬಹುದು. ಮುಚ್ಚಿದ ಗಾಡಿಯಲ್ಲಿ ಒಬ್ಬಳೇ ಹೋದರೆ ಅವಳ ಮಾನ ಹೋಯಿತು, ಆಮೇಲೆ ಉಳಿದಿರುವುದು ಮದುವೆಯ ದಾರಿಯೊಂದೇ.

ಹಂತ 3: ಒಬ್ಬನಿಗೆ ಮೂರು ಹೆಸರು

ನಮ್ಮ ಹಳ್ಳಿಯಲ್ಲಿ ಒಬ್ಬರೇ ಊರಿಗೆ ಶ್ಯಾನುಭೋಗರು, ಕಾಗದದಲ್ಲಿ ಕೃಷ್ಣಮೂರ್ತಿ, ಅವರಮ್ಮನಿಗೆ ಕಿಟ್ಟ. ಇಂಗ್ಲೆಂಡಿನ ಶ್ರೀಮಂತರದ್ದೂ ಅದೇ ಪಾಡು. ಬಿರುದು ಒಂದು, ಮನೆತನದ ಹೆಸರು ಇನ್ನೊಂದು, ಇಟ್ಟ ಹೆಸರು ಮತ್ತೊಂದು. ಮೂರನ್ನೂ ಜನರ ಹಾಳೆಯಲ್ಲಿ ಒಂದೇ ಸಾಲಿನಲ್ಲಿ ಬರೆಯಿರಿ, ಇಲ್ಲದಿದ್ದರೆ ಒಬ್ಬ ಶಂಕಿತನನ್ನು ಮೂವರೆಂದು ಎಣಿಸುತ್ತೀರಿ.

ಮೇಲಿನಿಂದ ಕೆಳಕ್ಕೆ ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್. ಬ್ಯಾರನೆಟ್ ಈ ಸಾಲಿಗೆ ಸೇರಿದವನಲ್ಲ. ಅವನು 'ಸರ್' ಮಾತ್ರ, ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಅವನಿಗೆ ಜಾಗವಿಲ್ಲ. 'ಲಾರ್ಡ್' ಆದ ಮೇಲೆ ಇಟ್ಟ ಹೆಸರು ಬಂದರೆ ಅವನು ಡ್ಯೂಕ್ ಅಥವಾ ಮಾರ್ಕ್ವೆಸನ ಕಿರಿಯ ಮಗ, ಸ್ವಂತ ಬಿರುದಿಲ್ಲದವನು. ಬಿರುದಿನ ಹೆಸರು ಬಂದರೆ ಬಿರುದು ಅವನದ್ದೇ, ಅಥವಾ ಅಪ್ಪನ ಎರಡನೇ ಬಿರುದನ್ನು ಹೊತ್ತು ತಿರುಗುವ ಹಿರಿಮಗ. 'ಲೇಡಿ' ಆದ ಮೇಲೆ ಇಟ್ಟ ಹೆಸರು ಬಂದರೆ ಅರ್ಲ್ ಅಥವಾ ಅದಕ್ಕಿಂತ ಮೇಲಿನವರ ಮಗಳು. ಬಿರುದುಳ್ಳ ದೊಡ್ಡವನು ಸತ್ತ ಮರುಕ್ಷಣ ವಾರಸುದಾರನ ಹೆಸರೇ ಬದಲಾಗುತ್ತದೆ. ಕೊಲೆಯಾದ ಮುಂದಿನ ಅಧ್ಯಾಯದಲ್ಲಿ ಹೊಸ ಲಾರ್ಡ್ ಒಬ್ಬ ಪ್ರತ್ಯಕ್ಷನಾದರೆ ಹೊಸ ಮನುಷ್ಯ ಬಂದನೆಂದು ತಿಳಿಯಬೇಡಿ, ನಿನ್ನೆಯ ತಮ್ಮನೇ ಅವನು.

ಹಂತ 4: ಕಸಿನ್ ಎಂದರೆ ಯಾರು?

ಕನ್ನಡ ಓದುಗರು ಹೆಚ್ಚಾಗಿ ಎಡವುವುದು ಇಲ್ಲಿಯೇ. 'ಕಸಿನ್' ಎಂದ ಕೂಡಲೇ ದೊಡ್ಡಪ್ಪನ ಮಗ, ಅಣ್ಣನ ಸಮಾನ ಎಂದುಕೊಂಡು ಅವನನ್ನು ಮದುವೆಯ ಲೆಕ್ಕದಿಂದ ಕೈಬಿಡುತ್ತೇವೆ. ನಮ್ಮಲ್ಲಿ ಸೋದರಮಾವನ ಮಗಳಾಗುತ್ತದೆ, ಚಿಕ್ಕಪ್ಪನ ಮಗಳಾಗದು. ಅಲ್ಲಿ ಎಲ್ಲ ಕಸಿನ್ನರೂ ಆಗುತ್ತಾರೆ. ಅಪ್ಪನ ತಮ್ಮನ ಮಗ ಬಿರುದಿಗೂ ವಾರಸುದಾರ, ನಾಯಕಿಗೂ ವರ. ಎರಡೂ ಒಟ್ಟಿಗೆ ಸಿಕ್ಕರೆ ಆಸ್ತಿ ಒಡೆಯುವುದೇ ಇಲ್ಲ. ಅವಳು ಒಲ್ಲೆ ಎಂದ ದಿನದಿಂದ ಅವನ ಮೇಲೆ ಕಣ್ಣಿಡಿ.

'ಅಂಕಲ್' ಎಂಬುದನ್ನೂ ಹಾಗೇ ಬಿಡಬಾರದು. ಬಹುಪಾಲು ಇಂಗ್ಲಿಷ್ ಬಿರುದುಗಳು ಗಂಡು ಸಂತಾನದ ಸಾಲಿನಲ್ಲಷ್ಟೇ ಇಳಿಯುತ್ತವೆ, ಹಾಗಾಗಿ ಚಿಕ್ಕಪ್ಪನಿಗೆ ಸಿಗುವುದು ಸೋದರಮಾವನಿಗೆ ಸಿಗದು. ಲೇಖಕರು ಇಪ್ಪತ್ತು ಪುಟ ಬರೀ 'ಅಂಕಲ್' ಎಂದು ಓಡಿಸಿದರೆ ಅಪ್ಪನ ಕಡೆಯೋ ಅಮ್ಮನ ಕಡೆಯೋ ಎಂಬುದನ್ನು ಬೇಕೆಂದೇ ಮುಚ್ಚಿಟ್ಟಿರಬಹುದು. ಹಾಳೆಯಲ್ಲಿ ಚಿಕ್ಕಪ್ಪ, ಸೋದರಮಾವ ಎಂದು ಕನ್ನಡದಲ್ಲೇ ಬರೆದುಕೊಳ್ಳಿ. ಈ ವಿಷಯದಲ್ಲಿ ಇಂಗ್ಲಿಷಿಗಿಂತ ನಮ್ಮ ಭಾಷೆ ಪತ್ತೇದಾರಿಗೆ ವಾಸಿ.

ಮಕ್ಕಳಿಲ್ಲದ ಮುದುಕ ಅರ್ಲ್ ಯಾರನ್ನಾದರೂ ದತ್ತು ತೆಗೆದುಕೊಳ್ಳಬಾರದೇ ಎಂದು ನಮಗನ್ನಿಸುತ್ತದೆ. 1881ರಲ್ಲಿ ಮೈಸೂರಿನ ಗದ್ದುಗೆಯನ್ನು ದತ್ತುಪುತ್ರನಿಗೆ ಒಪ್ಪಿಸಿದ ಬ್ರಿಟಿಷರ ಸ್ವಂತ ನೆಲದಲ್ಲಿ ದತ್ತಿಗೆ ಕಾನೂನು ಬಂದದ್ದೇ 1926ರಲ್ಲಿ. ಮದುವೆಗೆ ಮುಂಚೆ ಹುಟ್ಟಿದ ಮಗು, ತಂದೆ ತಾಯಿ ಆಮೇಲೆ ಮದುವೆಯಾದರೂ, ಆಗ ಇಂಗ್ಲೆಂಡಿನಲ್ಲಿ ಅಕ್ರಮವೇ. ಸ್ಕಾಟ್ಲೆಂಡಿನಲ್ಲಿ ಸಕ್ರಮವಾಗುತ್ತಿತ್ತು. ಕಥೆಯಲ್ಲಿ ಯಾರಿಗಾದರೂ ಸ್ಕಾಟ್ಲೆಂಡಿನ ಬಾಲ್ಯವಿದ್ದರೆ ಪ್ರಶ್ನೆಯ ಹಾಳೆಗೆ ಸೇರಿಸಿ.

ಹಂತ 5: ಮದುವೆ, ಆಸ್ತಿ, ಸಾವು

ನಿಧಾನವಾಗಿ ಓದಬೇಕಾದ ಪುಟಗಳು ಇವು. 1753ರ ಮದುವೆ ಕಾಯಿದೆಯ ಪ್ರಕಾರ ರೀಜೆನ್ಸಿ ಕಾಲದ ಇಂಗ್ಲೆಂಡಿನಲ್ಲಿ ಮದುವೆ ಸಾಮಾನ್ಯವಾಗಿ ಚರ್ಚಿನಲ್ಲೇ ಆಗಬೇಕು. ಒಂದೋ ಇಂಥವರ ಮದುವೆ ಎಂದು ಮೂರು ಭಾನುವಾರ ಚರ್ಚಿನಲ್ಲಿ ಸಾರಬೇಕು, ಇಲ್ಲವೇ ಬಿಷಪ್ ಕಚೇರಿಯ ಲೈಸೆನ್ಸ್ ಬೇಕು. ಹೊತ್ತು ಬೆಳಿಗ್ಗೆ 8ರಿಂದ ಮಧ್ಯಾಹ್ನ 12ರ ಒಳಗೆ. ಎಲ್ಲಿ ಬೇಕಾದರೂ ಯಾವ ಹೊತ್ತಿನಲ್ಲಾದರೂ ಆಗಬೇಕೆಂದರೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಕೊಡುವ ವಿಶೇಷ ಲೈಸೆನ್ಸ್ ತರಬೇಕು. 21 ತುಂಬದವರು ಅಪ್ಪನ ಒಪ್ಪಿಗೆಯಿಲ್ಲದೆ ಲೈಸೆನ್ಸ್ ಮೇಲೆ ಮದುವೆಯಾದರೆ ಅದು ಮದುವೆಯೇ ಅಲ್ಲ. 1823ರಲ್ಲಷ್ಟೇ ಈ ಬಿಗಿ ಸಡಿಲವಾಯಿತು. ಓಡಿಹೋಗುವ ಜೋಡಿಗಳು ಸ್ಕಾಟ್ಲೆಂಡಿನ ಗಡಿ ಹಳ್ಳಿ ಗ್ರೆಟ್ನಾ ಗ್ರೀನ್ ಕಡೆಗೆ ಗಾಡಿ ಹೊಡೆಯುತ್ತಿದ್ದದ್ದು ಇದಕ್ಕೇ. ಅಲ್ಲಿ ಸಾಕ್ಷಿಗಳ ಮುಂದೆ ಒಪ್ಪಿದೆವು ಎಂದರೆ ಮುಗಿಯಿತು.

ಪಾತ್ರವೊಂದು "ಸಂಜೆ ಆರು ಗಂಟೆಗೆ ಚರ್ಚಿನಲ್ಲಿ ಗುಟ್ಟಾಗಿ ಮದುವೆಯಾದೆ" ಎಂದರೆ ಅಲ್ಲೇ ನಿಲ್ಲಿ. ವಿಶೇಷ ಲೈಸೆನ್ಸಿನ ಮಾತಿಲ್ಲವೇ? ಹಾಗಿದ್ದರೆ ಲೇಖಕರು ತಪ್ಪಿದ್ದಾರೆ, ಇಲ್ಲವೇ ಆ ಹುಡುಗಿಗೆ ಯಾರೋ ಸುಳ್ಳು ಪಾದ್ರಿಯನ್ನು ನಿಲ್ಲಿಸಿ ಮೋಸ ಮಾಡಿದ್ದಾರೆ.

ಹರಿದ ಚರ್ಚ್ ರಿಜಿಸ್ಟರು ಈ ಪ್ರಕಾರಕ್ಕೆ ಬಲು ಪ್ರಿಯವಾದ ಸುಳಿವು. ಮದುವೆಯ ಪುಟದಲ್ಲಿ ಗಂಡು, ಹೆಣ್ಣು, ಪಾದ್ರಿ, ಇಬ್ಬರು ಸಾಕ್ಷಿಗಳು, ಹೀಗೆ ಐದು ಸಹಿ ಅಥವಾ ಗುರುತು ಇರಬೇಕು. ಪುಟ ಕಿತ್ತು ಸುಟ್ಟವನು ಗೆದ್ದೆ ಎಂದುಕೊಳ್ಳುತ್ತಾನೆ. ಪ್ರತಿ ಪ್ಯಾರಿಷಿನ (ಒಂದು ಚರ್ಚಿಗೆ ಸೇರಿದ ವಲಯದ) ದಾಖಲೆಯ ನಕಲು ವರ್ಷಕ್ಕೊಮ್ಮೆ ಬಿಷಪ್ಪರ ಕಚೇರಿಗೆ ಹೋಗಬೇಕೆಂಬ ನಿಯಮ ಅವನಿಗೆ ನೆನಪಿಲ್ಲ. ಅದನ್ನು ನೆನಪಿಟ್ಟ ಓದುಗರು ನಾಯಕಿಗಿಂತ ನೂರು ಪುಟ ಮುಂದಿರುತ್ತಾರೆ.

ಆಗಿನ ಹಣದ ಲೆಕ್ಕ ಹೀಗೆ. ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡ್, ಇಪ್ಪತ್ತೊಂದಕ್ಕೆ ಗಿನಿ. ಹೆಣ್ಣಿಗೆ 'ಹತ್ತು ಸಾವಿರ' ಇದೆ ಎಂದರೆ ಅದು ಅಸಲು. ಶೇ 3ರ ಸರ್ಕಾರಿ ಸಾಲಪತ್ರದಲ್ಲಿ ಅಷ್ಟು ಮುಖಬೆಲೆ ಇದ್ದರೆ ವರ್ಷಕ್ಕೆ 300 ಪೌಂಡ್ ಬರುತ್ತದೆ. ಗಂಡಿಗೆ 'ಹತ್ತು ಸಾವಿರ' ಎಂದರೆ ಸಾಮಾನ್ಯವಾಗಿ ವರ್ಷದ ವರಮಾನ. ಮದುವೆಯಾದ ಗಳಿಗೆಯಿಂದ ಹೆಂಡತಿಯ ಕೈಯಲ್ಲಿರುವ ಹಣ ಗಂಡನದ್ದು. ಮೊದಲೇ ಟ್ರಸ್ಟ್ ಪತ್ರ ಬರೆಸಿ ಕಟ್ಟಿಟ್ಟಿದ್ದರೆ ಮಾತ್ರ ಉಳಿಯುತ್ತದೆ. ಆದ್ದರಿಂದ ವಕೀಲರು ಪತ್ರ ತಂದ ದೃಶ್ಯ ಬಂದಾಗ ಟ್ರಸ್ಟಿಗಳು ಯಾರೆಂದು ಬರೆದುಕೊಳ್ಳಿ. ಅವಳ ಮದುವೆಯ ದಿನ ಲೆಕ್ಕ ಒಪ್ಪಿಸಬೇಕಾದವರು ಅವರೇ. ಹಣ ನುಂಗಿದ ಟ್ರಸ್ಟಿಗೆ ಮದುವೆ ನಿಲ್ಲಲೇಬೇಕು.

ಉಯಿಲು ಬಂದಾಗ ಸಾಕ್ಷಿಗಳನ್ನು ಎಣಿಸಿ. 1838ಕ್ಕೆ ಮುಂಚೆ ಭೂಮಿಯನ್ನು ಉಯಿಲಿನಲ್ಲಿ ಕೊಡಲು ಮೂವರು ಸಾಕ್ಷಿಗಳು ಬೇಕಿತ್ತು. ಇಬ್ಬರೇ ಸಹಿ ಹಾಕಿದ ಕಾಗದದಲ್ಲಿ ಜಮೀನು ಯಾರಿಗೆ ಬರೆದಿದ್ದರೂ ದಕ್ಕದು.

ಸಾವಿಗೂ ಕಟ್ಟಳೆ ಇದೆ. ಬುದ್ಧಿ ಸ್ವಾಧೀನದಲ್ಲಿದ್ದೇ ಆತ್ಮಹತ್ಯೆ ಮಾಡಿಕೊಂಡ ಎಂದು ಕರೋನರ್ (ಅನುಮಾನದ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ) ಕರೆದ ಪಂಚರು ತೀರ್ಮಾನಿಸಿದರೆ ಸತ್ತವನ ಚರಾಸ್ತಿ ರಾಜನಿಗೆ ಮುಟ್ಟುಗೋಲು. 1870ರ ತನಕ ಇದೇ ಕಾನೂನು. ಹಾಗಾಗಿ ಮನೆಯವರು ಪಿಸ್ತೂಲಿನ ಜಾಗ ಬದಲಿಸಿ, ಚೀಟಿ ಸುಟ್ಟು, 'ಕಳ್ಳ ಬಂದಿದ್ದ' ಎನ್ನುತ್ತಾರೆ. ಹೆಣದ ಹತ್ತಿರದ ವಸ್ತು ಕದಲಿಸಿದವರೆಲ್ಲ ಕೊಲೆಗಾರರಲ್ಲ. ವಿಧವೆ ಅಳುತ್ತಲೇ ಸುಳ್ಳು ಹೇಳುವುದು ಕೆಲವು ಸಲ ಮಕ್ಕಳ ಅನ್ನಕ್ಕಾಗಿ.

ಹಂತ 6: ಒಂದು ಪತ್ರವನ್ನು ಹತ್ತಿರದಿಂದ ನೋಡೋಣ

ಉದಾಹರಣೆಗೆ ಹೀಗೊಂದು ದೃಶ್ಯ ಇಟ್ಟುಕೊಳ್ಳಿ. 1814ರ ಮಾರ್ಚ್. ಬೆಳಗಿನ ತಿಂಡಿಯ ಹೊತ್ತಿಗೆ ಹಳ್ಳಿಮನೆಗೆ ಪತ್ರ ಬರುತ್ತದೆ. ಚಿಕ್ಕಪ್ಪ ಬರೆದದ್ದು. "ಬಾತ್ ಊರಿನಲ್ಲಿದ್ದೇನೆ, ಮೈ ಚೆನ್ನಾಗಿಲ್ಲ, ಹದಿನೈದು ದಿನದಿಂದ ಕೋಣೆ ಬಿಟ್ಟಿಲ್ಲ" ಎನ್ನುತ್ತಾರೆ. ಅತ್ತೆ ಪತ್ರ ತೆಗೆದುಕೊಂಡು, ದುಡ್ಡು ಕೊಡುವಂತಿಲ್ಲ ಎಂದು ಖುಷಿಪಡುತ್ತಾಳೆ. ನಾಯಕ ಪತ್ರ ಹಿಡಿದು ಕಿಟಕಿಯ ಹತ್ತಿರ ಹೋಗಿ, ಮಡಿಚಿ ಇಡುತ್ತಾನೆ. ದೃಶ್ಯ ಮುಗಿಯಿತು.

ಓದುಗರು ನಿಲ್ಲಬೇಕಾದದ್ದು ಅತ್ತೆಯ ಖುಷಿಯಲ್ಲಿ. 1840ಕ್ಕೆ ಮುಂಚೆ ಅಂಚೆಯ ದುಡ್ಡನ್ನು ಸಾಮಾನ್ಯವಾಗಿ ಪತ್ರ ಪಡೆದವರು ಕೊಡಬೇಕಿತ್ತು. ದೂರ ಮತ್ತು ಹಾಳೆಯ ಮೇಲೆ ಲೆಕ್ಕ: 80ರಿಂದ 120 ಮೈಲಿಗೆ ಒಂದು ಹಾಳೆಗೆ 9 ಪೆನ್ಸ್, ಎರಡು ಹಾಳೆಗೆ ಅದರ ಎರಡರಷ್ಟು. ಲಕೋಟೆಯೂ ಒಂದು ಹಾಳೆ ಎಂದೇ ಲೆಕ್ಕವಾದ್ದರಿಂದ ಲಕೋಟೆ ಬಳಸದೆ, ಪತ್ರವನ್ನೇ ಮಡಿಚಿ ಅರಗು ಹಾಕುತ್ತಿದ್ದರು. ಹಾಳೆ ಉಳಿಸಲು ಬರೆದದ್ದರ ಮೇಲೆಯೇ ಅಡ್ಡಕ್ಕೂ ಬರೆಯುತ್ತಿದ್ದರು. ದುಡ್ಡು ಕೊಡದೆ ಪತ್ರ ಬಂದರೆ ಪಾರ್ಲಿಮೆಂಟಿನ ಸದಸ್ಯರೊಬ್ಬರು ಮೇಲೆ ಸಹಿ ಹಾಕಿ ಉಚಿತ ಮಾಡಿದ್ದಾರೆ ಎಂದರ್ಥ. 1784ರ ನಂತರ ಹೀಗೆ ಸಹಿ ಹಾಕುವವರು ವಿಳಾಸದ ಜತೆ ಊರನ್ನೂ ತಾರೀಕನ್ನೂ ಸ್ವಂತ ಕೈಯಿಂದ ಬರೆಯಬೇಕಿತ್ತು. ಇಲ್ಲಿ ಆ ಸಹಿ ಪಾರ್ಲಿಮೆಂಟಿನ ಸದಸ್ಯರಾದ ಚಿಕ್ಕಪ್ಪನದ್ದೇ: ಮೇಲೆ 'ಲಂಡನ್' ಎಂದಿದೆ, ಒಳಗೆ 'ಬಾತ್' ಎಂದಿದೆ. ಚಿಕ್ಕಪ್ಪ ಕೋಣೆ ಬಿಟ್ಟಿದ್ದಾರೆ. ನಾಯಕ ಕಿಟಕಿಯ ಹತ್ತಿರ ಹೋದದ್ದು ಅದನ್ನು ಓದಲು.

ಇನ್ನು ದಾರಿಯ ಲೆಕ್ಕ. ಲಂಡನ್ನಿಂದ ಬಾತ್ ಸುಮಾರು 107 ಮೈಲಿ. ಅಂಚೆ ಗಾಡಿ ಗಂಟೆಗೆ ಏಳೆಂಟು ಮೈಲಿ ಓಡಿದರೆ ಹದಿಮೂರರಿಂದ ಹದಿನೈದು ಗಂಟೆ. ಸ್ವಂತ ಗಾಡಿಯಾದರೆ ಪ್ರತಿ ಹತ್ತು ಹದಿನೈದು ಮೈಲಿಗೆ ಕುದುರೆ ಬದಲಿಸಬೇಕು, ಬದಲಿಸಿದ ಪ್ರತಿ ಛತ್ರದಲ್ಲೂ ಅವನನ್ನು ನೋಡಿದ ಕುದುರೆಯಾಳು ಇರುತ್ತಾನೆ. ಯಾರಾದರೂ 'ನಿನ್ನೆ ರಾತ್ರಿ ಯಾರ್ಕ್‌ನಲ್ಲಿದ್ದೆ, ಇವತ್ತು ಮಧ್ಯಾಹ್ನ ಲಂಡನ್ನಿಗೆ ಬಂದೆ' ಎಂದರೆ 200 ಮೈಲಿಯನ್ನು ಎಂಟರಿಂದ ಭಾಗಿಸಿ ನೋಡಿ: ನಿಲ್ಲದೆ ಬಂದರೂ ಇಪ್ಪತ್ತೈದು ಗಂಟೆ. ದಿನದ ಹಾಳೆ ಈಗ ಕೆಲಸಕ್ಕೆ ಬರುತ್ತದೆ.

ಹಂತ 7: ಪೊಲೀಸರಿಲ್ಲ ಎಂಬುದನ್ನು ಮರೆಯಬೇಡಿ

ಲಂಡನ್ನಿನ ಮೆಟ್ರೋಪಾಲಿಟನ್ ಪೊಲೀಸ್ ಶುರುವಾದದ್ದು 1829ರಲ್ಲಿ, ಅವರ ಪತ್ತೇದಾರಿ ವಿಭಾಗ 1842ರಲ್ಲಿ. ರೀಜೆನ್ಸಿಯಲ್ಲಿ ಸಿಗುವುದು ಲಂಡನ್ನಿನ ಬೋ ಸ್ಟ್ರೀಟ್ ಮ್ಯಾಜಿಸ್ಟ್ರೇಟರ ಕೈಕೆಳಗಿನ, 'ಓಟಗಾರರು' (ರನ್ನರ್ಸ್) ಎಂದು ಕರೆಸಿಕೊಂಡ ಬೆರಳೆಣಿಕೆಯ ಪತ್ತೆಯಾಳುಗಳು, ಅವರೂ ಫೀಸು ಕೊಟ್ಟರೆ ಬರುವವರು. ಆದ್ದರಿಂದಲೇ ಪತ್ತೆ ಮಾಡುವ ಕೆಲಸ ನಾಯಕ ನಾಯಕಿಯ ಪಾಲಿಗೆ ಬೀಳುತ್ತದೆ. ಬೆರಳಚ್ಚು ಇನ್ನೂ ಬಂದಿಲ್ಲ. ಹೆಣದಲ್ಲಿ ಪಾಷಾಣ (ಆರ್ಸೆನಿಕ್) ಇದೆಯೆಂದು ತೋರಿಸುವ ನೆಚ್ಚಬಹುದಾದ ಮಾರ್ಷ್ ಪರೀಕ್ಷೆ 1836ರದ್ದು; ಇಲಿಗೆಂದು ಅದನ್ನು ಅಂಗಡಿಯಲ್ಲಿ ಕೊಳ್ಳುವವರ ಹೆಸರು ದಾಖಲಿಸುವ ಕಾನೂನು 1851ರದ್ದು. ಕತ್ತಲಲ್ಲಿ ಯಾರಾದರೂ ಬೆಂಕಿಕಡ್ಡಿ ಗೀರಿದರೆ ಅದು ಸುಳಿವಲ್ಲ, ಲೇಖಕರ ತಪ್ಪು. ಗೀರುವ ಕಡ್ಡಿ ಮಾರಾಟಕ್ಕೆ ಬಂದದ್ದು 1827ರಲ್ಲಿ.

ಹಂತ 8: ಪ್ರೇಮದ ಕಟ್ಟಳೆಯನ್ನೂ ಸುಳಿವಿನಂತೆ ಓದಿ

ರೊಮ್ಯಾನ್ಸ್ ಎಂದು ಮುದ್ರಿಸಿದ ಪುಸ್ತಕ ಜೋಡಿಯನ್ನು ಕೊನೆಗೆ ಸೇರಿಸಲೇಬೇಕು. ಓದುಗರಿಗೆ ಪ್ರಕಾಶಕರು ಕೊಟ್ಟ ಮಾತು ಅದು. ಹಾಗಾಗಿ ನಾಯಕ ಕೊಲೆಗಾರನಲ್ಲ. ನೂರು ಪುಟ ಅವನ ಮೇಲೆ ಅನುಮಾನ ಹರಿಸಿದರೆ 'ಇವನೇನಾ?' ಎಂದು ಕೇಳಬೇಡಿ, 'ಇವನು ಯಾರನ್ನು ಕಾಪಾಡುತ್ತಿದ್ದಾನೆ?' ಎಂದು ಕೇಳಿ. ಸುಮ್ಮನೆ ಬಂದು ಚೆನ್ನಾಗಿ ಮಾತಾಡಿ ಹೋಗುವ ಮದುವೆಯಾಗದ ಗೆಳೆಯ ಬಹುಶಃ ಮುಂದಿನ ಪುಸ್ತಕದ ನಾಯಕ, ಅವನನ್ನೂ ಬಿಟ್ಟುಬಿಡಬಹುದು. ಹೀಗೆ ಕಳೆಯುತ್ತ ಹೋದರೆ ಉಳಿಯುವವರು ನಾಲ್ಕೈದು ಜನ.

ಕಥೆ ನಾಯಕನ ಮನಸ್ಸಿನಿಂದಲೂ ನಾಯಕಿಯ ಮನಸ್ಸಿನಿಂದಲೂ ಸರದಿಯಂತೆ ಬಂದರೆ ಅವರಿಗೆ ತಿಳಿದದ್ದನ್ನು ಲೇಖಕರು ಮುಚ್ಚಿಡುವುದು ಕಷ್ಟ. ಆಗ ಮಾಡುವ ಉಪಾಯ ಒಂದೇ: ಅವನು ಡ್ರಾಯರ್ ತೆರೆದ ಕೂಡಲೇ ಅಧ್ಯಾಯ ಮುಗಿಸಿ, ಮುಂದಿನದನ್ನು ಅವಳ ಕಡೆಯಿಂದ ಶುರು ಮಾಡುವುದು. ಹಾಗೆ ಕತ್ತರಿಸಿದ ಜಾಗಕ್ಕೆಲ್ಲ ಪೆನ್ಸಿಲ್ ಗೀಟು ಹಾಕಿ. ಮುತ್ತಿನ ದೃಶ್ಯಕ್ಕೆ ಮುಂಚಿನ ಪುಟವನ್ನೂ ಎಚ್ಚರದಿಂದ ನೋಡಿ. ಓದುಗರ ಗಮನ ಎಲ್ಲಿರುತ್ತದೆ ಎಂದು ಲೇಖಕರಿಗೆ ಗೊತ್ತು. ಕೈಗವಸು ಒಂದೇ ಇತ್ತು ಎಂಬಂಥ ಮಾತನ್ನು ಅವರು ಅಲ್ಲಿ ತುರುಕುತ್ತಾರೆ.

ಪುಸ್ತಕದ ಮುಕ್ಕಾಲು ಭಾಗದ ಹೊತ್ತಿಗೆ ಇಬ್ಬರೂ ಜಗಳವಾಡಿ ದೂರವಾಗುತ್ತಾರೆ. ಅಲ್ಲಿ ನಿಲ್ಲಿಸಿ ಒಂದು ರಾತ್ರಿ ಬಿಡಿ. ಯಾರು, ಯಾಕೆ, ಯಾವ ಕಟ್ಟಳೆಯಿಂದ ಎಂದು ಮೂರು ಸಾಲು ಬರೆಯಿರಿ. 'ಯಾಕೆ'ಯ ಸಾಲಿನಲ್ಲಿ ಬರೀ ದ್ವೇಷ ಎಂದು ಬರೆದಿದ್ದರೆ ಹಂತ 5ಕ್ಕೆ ವಾಪಸು ಹೋಗಿ. ಹಣದ ದಾರಿ ಎಲ್ಲೋ ತಪ್ಪಿದೆ.

ಹಂತ 9: ಶ್ರೀರಂಗಪಟ್ಟಣದ ಎಳೆ

ಇಂಡಿಯಾದಿಂದ ದುಡ್ಡು ಮಾಡಿಕೊಂಡು ಬಂದ ಕರ್ನಲ್ ಈ ಕಾದಂಬರಿಗಳಲ್ಲಿ ಆಗಾಗ ಕಾಣಿಸುತ್ತಾನೆ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸತ್ತ ಮೇಲೆ ಅರಮನೆಯ ಒಡವೆಗಳು ಇಂಗ್ಲೆಂಡಿನ ಮನೆಗಳನ್ನು ಸೇರಿದವು. ಸಿಂಹಾಸನದ ಚಿನ್ನದ ಹುಲಿತಲೆಯೊಂದು ಈಗಲೂ ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ. ವಾಟರ್‌ಲೂ ಗೆದ್ದ ವೆಲ್ಲಿಂಗ್ಟನ್ನನೇ ಅಂದು ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1868ರಲ್ಲಿ ಬಂದ ವಿಲ್ಕಿ ಕಾಲಿನ್ಸನ 'ದಿ ಮೂನ್‌ಸ್ಟೋನ್' ಶುರುವಾಗುವುದೂ ಆ ಮುತ್ತಿಗೆಯಿಂದಲೇ, ಕದ್ದ ವಜ್ರದಿಂದ. ಕರ್ನಲ್ಲನ ಒಡವೆ ಬಂದರೆ ಶಾಪದ ಕಥೆಗೆ ಮರುಳಾಗದೆ, ಅದು ಲೂಟಿ ಹಂಚಿಕೆಯಲ್ಲಿ ಸಿಕ್ಕ ಪಾಲೋ, ಲೆಕ್ಕಕ್ಕೆ ಸೇರಿಸದೆ ಜೇಬಿಗಿಳಿಸಿದ್ದೋ ಎಂದು ಕೇಳಿ. ಬ್ಲ್ಯಾಕ್‌ಮೇಲ್ ಎರಡನೆಯದರಿಂದ ಹುಟ್ಟುತ್ತದೆ. ಹಡಗಿನಲ್ಲಿ ಮದರಾಸಿಗೆ ನಾಲ್ಕೈದು ತಿಂಗಳಾದರೂ ಬೇಕು, ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ಹತ್ತಿರ ಹತ್ತಿರ ವರ್ಷ. 'ಇಂಡಿಯಾದಲ್ಲಿ ತೀರಿಕೊಂಡ' ಎಂಬ ಗಂಡ ಬಾಗಿಲು ತಟ್ಟುವುದಕ್ಕೆ ಅಷ್ಟು ಸಮಯ ಸಾಕು.

ಹಂತ 10: ಮುಗಿಸಿದ ಮೇಲೆ

ಮೊದಲ ಐವತ್ತು ಪುಟಗಳನ್ನು ಮತ್ತೊಮ್ಮೆ ತಿರುವಿ. ಒಂದು ಗಂಟೆಯ ಕೆಲಸ. ಕೊಲೆಗಾರ ಮೊದಲ ಸಲ ಬಾಯಿ ಬಿಟ್ಟಾಗ ಏನೆಂದ, ಯಾರ ಆರೋಗ್ಯ ವಿಚಾರಿಸಿದ ಎಂದು ನೋಡಿ. ಆಮೇಲೆ ಲೇಖಕರ ಟಿಪ್ಪಣಿ ಓದಿ, ನಿಮ್ಮ ದಿನದ ಹಾಳೆಯ ಜತೆ ತಾಳೆ ಮಾಡಿ. ಭಾನುವಾರ ಅಂಗಡಿ ತೆರೆದಿತ್ತು, ಮೂರು ಭಾನುವಾರದ ಸಾರುವಿಕೆ ಹತ್ತೇ ದಿನದಲ್ಲಿ ಮುಗಿಯಿತು ಎಂಬಂಥ ಸಣ್ಣಪುಟ್ಟ ಎಡವಟ್ಟು ಒಳ್ಳೆಯ ಲೇಖಕರಲ್ಲೂ ಸಿಗುತ್ತದೆ, ಅದನ್ನು ಕ್ಷಮಿಸಬಹುದು. ಒಗಟು ಬಿಡಿಸಿದ ಕೊಂಡಿಯೇ ಅಂಥ ತಪ್ಪಿನ ಮೇಲೆ ನಿಂತಿದ್ದರೆ ಆ ಸರಣಿಯ ಮುಂದಿನ ಪುಸ್ತಕಕ್ಕೆ ದುಡ್ಡು ಹಾಕಬೇಡಿ.